ವಿಪಿಎನ್ ಇದ್ದರೂ ಸೋರುವ ಡಿಎನ್‌ಎಸ್

ಮಾನ್ಯ ಸಂಪಾದಕರೇ,

ದಾವಣಗೆರೆಯ ಮನೆಗಳಲ್ಲಿ ಕುಳಿತೇ ಬೆಂಗಳೂರಿನ ಕಂಪನಿಗಳಿಗೆ ದುಡಿಯುವವರಲ್ಲಿ ಲಿನಕ್ಸ್ (ವಿಂಡೋಸ್‌ನಂಥ ಒಂದು ಕಾರ್ಯಾಚರಣಾ ವ್ಯವಸ್ಥೆ) ಬಳಸುವವರೂ ಇದ್ದಾರೆ. ಕಚೇರಿಯ ಜಾಲಕ್ಕೆ ಗುಪ್ತವಾಗಿ ಜೋಡಿಸುವ ವಿಪಿಎನ್ ಕೂಡಿಕೊಂಡರೆ ಎಲ್ಲವೂ ಸುರಕ್ಷಿತ ಎಂಬ ನಂಬಿಕೆ ಅಪಾಯಕಾರಿ. ಜಾಲತಾಣದ ವಿಳಾಸ ಕೇಳುವ ಡಿಎನ್‌ಎಸ್ ಪ್ರಶ್ನೆ ಆಗಲೂ ಮನೆಯ ರೂಟರ್‌ಗೇ ಹೋಗುತ್ತಿರಬಹುದು; ಇದೇ ಡಿಎನ್‌ಎಸ್ ಸೋರಿಕೆ. ಹಾಗಾದರೆ ಕಚೇರಿಯ ಒಳ ಸರ್ವರ್‌ಗಳೂ ಹೆಸರಿನಿಂದ ತೆರೆಯದಿರಬಹುದು.

ಲಿನಕ್ಸ್‌ನಲ್ಲಿ ಡಿಎನ್‌ಎಸ್ ಪ್ರಶ್ನೆಗಳನ್ನು ನಿಭಾಯಿಸುವ ಸಿಸ್ಟಮ್‌ಡಿ-ರಿಸಾಲ್ವ್ಡ್ ಸೇವೆ ಇರುವಲ್ಲಿ ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಆಜ್ಞೆ ಕೊಟ್ಟು ನೋಡಿ. ಡಿಎನ್‌ಎಸ್ ಸರ್ವರ್ ವೈಫೈ ಲಿಂಕ್‌ನಡಿ ಮಾತ್ರ ಇದ್ದು, ವಿಪಿಎನ್ ಲಿಂಕ್‌ನಡಿ ಇಲ್ಲದಿದ್ದರೆ ಸೋರಿಕೆ ಇದೆ ಎಂದೇ ಅರ್ಥ. ಡಿಎನ್‌ಎಸ್ ಸರ್ವರ್‌ಗಳ ಪಟ್ಟಿ ಇರುವ ‘ರಿಸಾಲ್ವ್.ಕಾನ್ಫ್’ ಕಡತವನ್ನು ಕೈಯಾರೆ ತಿದ್ದುವುದು ವ್ಯರ್ಥ; ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಇಲ್ಲವೇ ಸಿಸ್ಟಮ್‌ಡಿ-ರಿಸಾಲ್ವ್ಡ್ ಅದನ್ನು ಮತ್ತೆ ಬರೆದುಬಿಡುತ್ತದೆ. ಅದರ ಬದಲು ನೆಟ್‌ವರ್ಕ್‌ಮ್ಯಾನೇಜರ್‌ನ ಆಜ್ಞೆಯಾದ ‘ಎನ್ಎಂಸಿಎಲ್ಐ’ ಮೂಲಕ ವಿಪಿಎನ್ ಸಂಪರ್ಕದ ‘ಐಪಿವಿ4.ಡಿಎನ್‌ಎಸ್-ಪ್ರಯಾರಿಟಿ’ಯನ್ನು ಮೈನಸ್ 50 ಮಾಡಿ, ಸಂಪರ್ಕ ಕಡಿದು ಮತ್ತೆ ಜೋಡಿಸಿ. ಈ ಸಂಖ್ಯೆ ವಿಪಿಎನ್‌ಗೆ ಸಾಮಾನ್ಯವಾಗಿ 50, ವೈಫೈಗೆ 100 ಇರುತ್ತದೆ; ಕಡಿಮೆ ಇದ್ದಷ್ಟೂ ಆದ್ಯತೆ ಹೆಚ್ಚು. ಋಣ ಸಂಖ್ಯೆ ಕೊಟ್ಟಾಗ ಮಾತ್ರ ಉಳಿದ ಸಂಪರ್ಕಗಳ ಸರ್ವರ್‌ಗಳು ಪೂರ್ತಿ ಬದಿಗೆ ಸರಿಯುತ್ತವೆ. ವಿಪಿಎನ್ ತಾನಾಗಿ ಡಿಎನ್‌ಎಸ್ ವಿಳಾಸ ಕೊಡದಿದ್ದರೆ ‘ಐಪಿವಿ4.ಡಿಎನ್‌ಎಸ್’ನಲ್ಲಿ ನಾವೇ ತುಂಬಬೇಕು.

ವೈರ್‌ಗಾರ್ಡ್ ಎಂಬ ವಿಪಿಎನ್‌ನ ‘ಡಬ್ಲ್ಯುಜಿ-ಕ್ವಿಕ್’ ಆಜ್ಞೆ ಬಳಸುವವರು ಅದರ ಸೆಟ್ಟಿಂಗ್ ಕಡತದಲ್ಲಿ ಡಿಎನ್‌ಎಸ್ ಸಾಲು ಸೇರಿಸಿದರಾಯಿತು. ‘ರಿಸಾಲ್ವ್‌ಕಾನ್ಫ್’ ಆಜ್ಞೆ ಸಿಗಲಿಲ್ಲ ಎಂದು ನಿಂತರೆ ಅದನ್ನು ಒದಗಿಸುವ ಓಪನ್‌ರಿಸಾಲ್ವ್ ತಂತ್ರಾಂಶ ಹಾಕಿಕೊಳ್ಳಿ.

ನಮ್ಮ ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ಈ ಪರೀಕ್ಷೆಯನ್ನು ಖಂಡಿತ ಮಾಡಿಸಬೇಕು. ಐಪಿವಿ6 (ಐಪಿವಿ4ರ ನಂತರದ ಹೊಸ ವಿಳಾಸ ಪದ್ಧತಿ) ಸೆಟ್ಟಿಂಗ್ ಅನ್ನೂ ಬಿಡದೆ ನೋಡಿಸಲಿ, ಹೆಚ್ಚಿನವರು ಮರೆಯುವುದು ಅದನ್ನೇ.

– ಲಿನಕ್ಸ್ ಬಳಕೆದಾರರು, ವಿದ್ಯಾನಗರ, ದಾವಣಗೆರೆ