ಬಸುರಿಯನ್ನು ಬೈಯಬೇಡಿ, ಕೂರಿಸಿ ಕೇಳಿ: ಕೋಲಾರ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ಹೆರಿಗೆ ವಾರ್ಡಿನಲ್ಲಿ 22 ವರ್ಷ ನರ್ಸ್ ಆಗಿದ್ದವಳು ನಾನು. ಒಬ್ಬ ಹುಡುಗಿಯ ಮುಖ ಇನ್ನೂ ಕಣ್ಣ ಮುಂದಿದೆ, ಅದಕ್ಕೇ ಬಸುರಿಯರ ನಶೆಯ ಚಟದ ಬಗ್ಗೆ ಬರೆಯುತ್ತಿದ್ದೇನೆ.

ಟೊಮೆಟೊ ಮಂಡಿಯಲ್ಲಿ ಹಣ್ಣು ಆರಿಸಿ ಬಾಕ್ಸಿಗೆ ತುಂಬುವ ಕೆಲಸ ಅವಳದು. ಏಳು ತಿಂಗಳ ಬಸುರಿ. ಒಂದು ರಾತ್ರಿ ಬಂದಾಗ ಮೈಯೆಲ್ಲ ಬೆವರು, ಕೈಮೇಲಿನ ಕೂದಲು ನೆಟ್ಟಗೆ ನಿಂತಿದ್ದವು. ಮೇಲಿಂದ ಮೇಲೆ ಆಕಳಿಕೆ, ಜೊತೆಗೆ ಭೇದಿ. ತಿಂದದ್ದೇನೋ ಕೆಟ್ಟಿರಬೇಕು ಅಂತ ಡ್ರಿಪ್ ಹಾಕಿದೆವು. ಬೆಳಗಿನ ಜಾವ ನೋವು ಶುರುವಾಯಿತು. ಅತ್ತೆ ಹೊರಗೆ ಹೋದಾಗ ನನ್ನ ಕೈ ಹಿಡಿದಳು. "ಅಕ್ಕಾ, ಸೊಂಟನೋವಿಗೆ ಅಂತ ಮಾತ್ರೆ ಶುರು ಮಾಡಿದ್ದು, ಬಿಡೋಕಾಗ್ಲಿಲ್ಲ. ಚೆಕಪ್‌ನಲ್ಲಿ ಹೇಳಿದ್ರೆ ಎಲ್ಲರೆದುರು ಬೈದ್ರು. ಮೂರು ದಿನದಿಂದ ಒಂದೂ ತಗೊಂಡಿಲ್ಲ."

ಮಗು ಉಳಿಯಲಿಲ್ಲ.

ಟ್ರಾಮಡಾಲ್, ಟಪೆಂಟಡಾಲ್‌ನಂಥ ನೋವಿನ ಮಾತ್ರೆಗಳು ಅಫೀಮಿನ ಜಾತಿಯವು. ಆ ಬೆವರು, ಆಕಳಿಕೆ, ಭೇದಿ ಇಂಥ ಮಾತ್ರೆ ಒಮ್ಮೆಲೇ ನಿಲ್ಲಿಸಿದಾಗ ಕಾಣುವ ಲಕ್ಷಣಗಳು. ಚಟ ಹತ್ತಿದ ಬಸುರಿ ಅವನ್ನು ಒಮ್ಮೆಲೇ ನಿಲ್ಲಿಸಿದರೆ ಗರ್ಭ ಇಳಿಯಬಹುದು, ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು. ಡಾಕ್ಟರ ಕಣ್ಗಾವಲಿನಲ್ಲಿ ಅವುಗಳ ಬದಲಿಗೆ ನಾಲಿಗೆ ಅಡಿ ಇಡುವ ಬುಪ್ರೆನಾರ್ಫಿನ್ ಮಾತ್ರೆ ಕೊಟ್ಟು ಕಾಪಾಡಬೇಕು. ಸುಮ್ನೆ "ಬಿಟ್ಟುಬಿಡು" ಅಂದರೆ ಸಾಲದು. ನಶೆಗಾಗಿ ಸೂಜಿ ಹಂಚಿಕೊಂಡವರಿಗೆ ಎಚ್‌ಐವಿ, ಹೆಪಟೈಟಿಸ್ ಅಪಾಯ. ಚುಚ್ಚಿಕೊಳ್ಳುವವರಿಗೆ ಹೃದಯದ ಕವಾಟಕ್ಕೂ ಸೋಂಕು ಹತ್ತಬಹುದು. ಕೊಕೇನ್, ಮೆತ್ (ಮೆತಾಂಫೆಟಮೈನ್) ಥರದ ನಶೆ ಆದರೆ ಬಿಪಿ ಏರಿ, ಮಾಸು ಮೊದಲೇ ಕಳಚಿಕೊಳ್ಳಬಹುದು. ಆಗ ಸೋರುವ ರಕ್ತ ಎಷ್ಟೋ ಸಲ ಹೊರಗೆ ಕಾಣುವುದೇ ಇಲ್ಲ, ಹೊಟ್ಟೆ ಮಾತ್ರ ಹಲಗೆ ಹಾಗೆ ಗಟ್ಟಿಯಾಗುತ್ತದೆ. ತಾಯಿಯ ಜೀವಕ್ಕೇ ಕುತ್ತು. ಇನ್ನು ಬಾಯಲ್ಲಿಡುವ ತಂಬಾಕು, ಕಡ್ಡಿಪುಡಿಯನ್ನಂತೂ ನಮ್ಮ ಕಡೆ ಯಾರೂ ಚಟ ಅಂತಲೇ ಎಣಿಸುವುದಿಲ್ಲ. ಅದನ್ನೂ ಕೇಳಬೇಕು.

ಪ್ರತಿ ಬಸುರಿಯನ್ನೂ ಪ್ರತಿ ಚೆಕಪ್‌ನಲ್ಲೂ ಕುಡಿತ, ನಶೆ ಪದಾರ್ಥಗಳ ಬಗ್ಗೆ ಕೇಳಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ನಮ್ಮಲ್ಲಿ ಕೇಳುವಾಗ ಪಕ್ಕದಲ್ಲಿ ಗಂಡ, ಅತ್ತೆ, ಸಾಲಿನಲ್ಲಿ ಹತ್ತು ಜನ. ಯಾರು ತಾನೇ ಬಾಯಿ ಬಿಡುತ್ತಾರೆ? ಹೇಳಿದರೆ ಪೊಲೀಸರಿಗೆ ಹಿಡಿದುಕೊಡ್ತಾರೆ ಅನ್ನುವ ಭಯ ಬೇರೆ. ಹೇಳಿದ ಮಾತು ಹೊರಗೆ ಹೋಗುವುದಿಲ್ಲ ಅಂತ ನೀವೇ ಬರೆದು ಸುತ್ತೋಲೆ ಹೊರಡಿಸಿ. ಚಟ ಬಿಡಿಸುವ ಚಿಕಿತ್ಸೆ ಎಲ್ಲಿದೆ, ಯಾವ ದಿನ ಹೋಗಬೇಕು ಅನ್ನುವುದು ಪ್ರತಿ ಆಶಾ ಕಾರ್ಯಕರ್ತೆಗೂ ಗೊತ್ತಿರಲಿ. ನಶೆ ಬಿಡಿಸಲು ನೆರವಾಗುವ 14446 ಸಹಾಯವಾಣಿಯನ್ನು ತಾಯಿ ಕಾರ್ಡಿನ ಮೇಲೆ ಬರೆಸಿ.

ಪ್ರತಿ ತಿಂಗಳ 9ರಂದು ಬಸುರಿಯರ ತಪಾಸಣೆ ಇದ್ದೇ ಇದೆ. ಒಂದು ಪರದೆ, ಎರಡು ಕುರ್ಚಿ ಸಾಕು. ಮುಂದಿನ 9ಕ್ಕೇ ಶುರು ಮಾಡಬಹುದು, ಅಲ್ವಾ?

ಇಂತಿ,
ನಿವೃತ್ತ ನರ್ಸ್, ಮುಳಬಾಗಿಲು ತಾಲ್ಲೂಕು