ಹಗ್ಗ, ಚೀಲದ ಮೇಲೆ ಬಿಸಿಲಿನ ಮಾತೂ ಬರೆಯಲಿ

ಸಂಪಾದಕರೇ,

ಪ್ಲಾಸ್ಟಿಕ್ ಅಂದ ಕೂಡಲೇ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಬರಹಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಬೈಯಬೇಕಾದ್ದು ಬೇಕಾದಷ್ಟಿದೆ, ಸರಿ. ನನ್ನ ದೂರು ಮಾತ್ರ ಬೇರೆ. ಹಗ್ಗ, ಚೀಲ, ಚಾಪೆ, ಮಾಸ್ಕ್ ಅಂತ ದಿನಾ ನಮ್ಮ ಕೈಗೆ ಸಿಗುವ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ನೂಲಿಗೆ ಬಿಸಿಲು ಆಗಿಬರುವುದಿಲ್ಲ. ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಕೊಳ್ಳುವವರಿಗೆ ಹೇಳುವವರಿಲ್ಲ.

ತಿಂಗಳುಗಟ್ಟಲೆ ಬಿಸಿಲಲ್ಲಿ ಬಿದ್ದಿರುವ ಅಗ್ಗದ ಹಗ್ಗವೊಂದನ್ನು ಕೈಗೆ ತೆಗೆದುಕೊಂಡು ನೋಡಿ. ಹೊಸದರಲ್ಲಿದ್ದ ನುಣುಪು ಹೋಗಿ ಮೈಯೆಲ್ಲ ಸಿಬಿರು ಎದ್ದಿರುತ್ತದೆ, ಅಂಗೈಗೆ ಚುಚ್ಚುತ್ತದೆ. ಬಗ್ಗಿಸಿದರೆ ಪುಡಿ ಉದುರುತ್ತದೆ. ಹುರಿ ಬಿಚ್ಚಿದರೆ ಒಳಗಿನ ಎಳೆ ಇನ್ನೂ ಹೊಸದರ ಹಾಗೇ ಹೊಳೆಯುತ್ತಿರುತ್ತದೆ, ಯಾಕೆಂದರೆ ಅಲ್ಲಿಗೆ ಬಿಸಿಲು ಮುಟ್ಟಿಲ್ಲ. ಇದೇ ಹಗ್ಗದಲ್ಲಿ ಭಾರ ಎತ್ತುತ್ತಾರೆ, ಅದರ ಕೆಳಗೇ ಜನ ಓಡಾಡುತ್ತಾರೆ!

ಹೀಗಾಗುವುದಕ್ಕೆ ಕಾರಣ ಅದರ ರಚನೆಯಲ್ಲೇ ಇದೆ. ಪ್ರೊಪಿಲೀನ್ ಅನಿಲದ ಅಣುಗಳು ಒಂದಕ್ಕೊಂದು ಸೇರಿ ಉದ್ದದ ಸರಪಳಿ ಆಗುತ್ತವೆ. ಆ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಸಣ್ಣ ಕವಲು ಇರುತ್ತದೆ, ಕವಲು ಇರುವಲ್ಲಿ ಹೈಡ್ರೋಜನ್ ಸುಲಭವಾಗಿ ಕಿತ್ತು ಬರುತ್ತದೆ. ಬಿಸಿಲಿನ ಅತಿನೇರಳೆ ಕಿರಣ, ಗಾಳಿಯ ಆಮ್ಲಜನಕ ಎರಡೂ ಸೇರಿದರೆ ಸಾಕು, ಸರಪಳಿ ತುಂಡಾಗುತ್ತಾ ಹೋಗುತ್ತದೆ.

ಇದಕ್ಕೆ ಮದ್ದು ಇಲ್ಲದೆ ಏನಿಲ್ಲ. ಬಿಸಿಲು ತಡೆಯುವ ಸ್ಟೆಬಿಲೈಸರ್ ಸೇರಿಸಬಹುದು, ಕಾರ್ಬನ್ ಬ್ಲ್ಯಾಕ್ ಅನ್ನುವ ಕಪ್ಪು ಪುಡಿಯೂ ಚೆನ್ನಾಗಿ ಕಾಪಾಡುತ್ತದೆ. ಆದರೆ ಯಾವಾಗ ಸೇರಿಸಬೇಕು ಅನ್ನುವುದೇ ಮುಖ್ಯ. ಈ ನೂಲು ನೀರನ್ನು ಹೀರುವುದೇ ಇಲ್ಲ ಅನ್ನಬಹುದು, ಮಾಮೂಲಿ ಬಣ್ಣವೂ ಹಿಡಿಯುವುದಿಲ್ಲ, ಹಾಗಾಗಿ ಹತ್ತಿಬಟ್ಟೆಯ ಹಾಗೆ ನೇಯ್ದ ಮೇಲೆ ಬಣ್ಣದಲ್ಲಿ ಅದ್ದುವ ಮಾತಿಲ್ಲ. ಬಣ್ಣವಾಗಲಿ ಸ್ಟೆಬಿಲೈಸರ್ ಆಗಲಿ, ಪ್ಲಾಸ್ಟಿಕ್ ಹರಳುಗಳನ್ನು ಸುಮಾರು 230ರಿಂದ 280 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸುವಾಗಲೇ ಒಳಗೆ ಬೆರೆಯಬೇಕು. ಆ ಪಾಕವನ್ನು ಸಣ್ಣ ತೂತುಗಳಿಂದ ಒತ್ತಿ ತೆಗೆದು, ಗಾಳಿಯಲ್ಲಿ ಆರಿಸಿ, ಎಳೆದು ನೂಲು ಮಾಡುತ್ತಾರೆ. ಚೀಲಕ್ಕೂ ಎಷ್ಟೋ ಹಗ್ಗಗಳಿಗೂ ಮೊದಲು ತೆಳುವಾದ ಹಾಳೆ ಮಾಡಿ, ಅದನ್ನು ಪಟ್ಟಿಗಳಾಗಿ ಸೀಳಿ, ಮೂಲ ಉದ್ದದ ಹಲವು ಪಟ್ಟು ಎಳೆಯುತ್ತಾರೆ. ಎಳೆದಷ್ಟೂ ಅಣುಗಳು ಉದ್ದಕ್ಕೆ ಸಾಲುಗಟ್ಟಿ ಬಲ ಬರುತ್ತದೆ. ಒಟ್ಟಿನಲ್ಲಿ ಬಿಸಿಲಿಗೆ ಎಷ್ಟು ಬಾಳುತ್ತದೆ ಅನ್ನುವುದು ಹೆಚ್ಚುಕಮ್ಮಿ ಕರಗಿಸುವಾಗಲೇ ತೀರ್ಮಾನ ಆಗಿಬಿಡುತ್ತದೆ. ಕೊಂಡವರು ಆಮೇಲೆ ಏನೂ ಮಾಡಲಾಗದು, ನೋಡಿ ಗುರುತಿಸಲೂ ಆಗದು. ಮಾಡಿದವರೇ ಹೇಳಬೇಕು, ಅಲ್ವಾ?

ಹಾಗಂತ ಈ ನೂಲೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬಿಸಿಲು ತಾಗದ ಕಡೆ ಇದರ ಕೆಲಸ ನೋಡಿದರೆ ಖುಷಿಯಾಗುತ್ತದೆ. ಇಟಲಿಯ ರಸಾಯನ ವಿಜ್ಞಾನಿ ಜೂಲಿಯೊ ನಟ್ಟಾ 1954ರಲ್ಲಿ ಇದರ ಕವಲುಗಳನ್ನೆಲ್ಲ ಒಂದೇ ಕಡೆ ಕೂರುವ ಹಾಗೆ ಮಾಡಿದ ಮೇಲೇ ಗಟ್ಟಿ ನೂಲು ತೆಗೆಯುವುದು ಸಾಧ್ಯವಾಗಿದ್ದು. 1963ರಲ್ಲಿ ಕಾರ್ಲ್ ಝೀಗ್ಲರ್ ಜೊತೆ ಅವರಿಗೆ ನೊಬೆಲ್ ಬಂತು. ಆಪರೇಷನ್ ಆದ ಮೇಲೆ ಹಾಕುವ ಕೆಲವು ಹೊಲಿಗೆಗಳಲ್ಲಿ, ಹರ್ನಿಯಾಗೆ ಇಡುವ ಎಷ್ಟೋ ಬಲೆಗಳಲ್ಲಿ ಇದೇ ನೂಲು ಇರುತ್ತದೆ. ಮಾಸ್ಕಿನ ನಡುವಿನ ಪದರದಲ್ಲಿ ಕೆಲವೇ ಮೈಕ್ರಾನ್ ದಪ್ಪದ ಎಳೆಗಳಿದ್ದು, ಅವಕ್ಕೆ ವಿದ್ಯುದಂಶ ಕೊಟ್ಟಿರುವುದರಿಂದ ಸಣ್ಣ ಕಣಗಳನ್ನೂ ಹಿಡಿದಿಟ್ಟುಕೊಳ್ಳುತ್ತವೆ.

ನನಗೆ ತುಂಬಾ ಇಷ್ಟವಾದದ್ದು ಕಾಂಕ್ರೀಟಿನ ವಿಷಯ. ಒಂದು ಘನ ಮೀಟರ್ ಕಾಂಕ್ರೀಟಿಗೆ ಒಂದೆರಡು ಕಿಲೋದಷ್ಟು ಸಣ್ಣ ನೂಲಿನ ತುಂಡು ಬೆರೆಸುತ್ತಾರೆ. ಹಸಿಯಾಗಿದ್ದಾಗ ಬೀಳುವ ಕೂದಲೆಳೆ ಬಿರುಕು ಕಡಿಮೆಯಾಗುತ್ತದೆ, ಸಿಮೆಂಟಿನ ಕ್ಷಾರಕ್ಕೆ ಇದು ಜಗ್ಗುವುದಿಲ್ಲ. ಸುರಂಗದಂಥ ಕಡೆ ಬೆಂಕಿ ಬಿದ್ದರೆ ಒತ್ತಾದ ಕಾಂಕ್ರೀಟಿನ ಒಳಗಿನ ನೀರು ಆವಿಯಾಗಿ, ಹೊರಬರಲು ದಾರಿಯಿಲ್ಲದೆ, ಮೇಲಿನ ಪದರವನ್ನೇ ಸಿಡಿಸಿ ಉದುರಿಸುತ್ತದೆ. ನೂಲು ಇದ್ದರೆ ಸುಮಾರು 160–165 ಡಿಗ್ರಿಗೆ ಕರಗಿಹೋಗುತ್ತದೆ, ಅದು ಇದ್ದ ಜಾಗ ಸಣ್ಣ ಕೊಳವೆಗಳಾಗಿ ಆವಿ ಹೊರಬರುತ್ತದೆ. ಬೇಗ ಕರಗುವ ಗುಣ ಇಸ್ತ್ರಿ ಪೆಟ್ಟಿಗೆಯ ಕೆಳಗೆ ತೊಂದರೆ, ಇಲ್ಲಿ ಅದೇ ಗುಣ ಕಟ್ಟಡವನ್ನು ಉಳಿಸುತ್ತದೆ.

ಹಾಗಾಗಿ ನಾನು ಕೇಳುವುದು ಇಷ್ಟೇ. ಟನ್‌ಗಟ್ಟಲೆ ಸರಕು ತುಂಬುವ ದೊಡ್ಡ ಚೀಲಗಳ ಮೇಲೆ ಎಷ್ಟು ಭಾರ ತಡೆಯುತ್ತದೆ, ಒಂದೇ ಸಲ ಬಳಸಬೇಕೋ ಮತ್ತೆ ಬಳಸಬಹುದೋ ಅಂತ ಬರೆಯುವ ಪದ್ಧತಿ ಇದೆ. ಸಣ್ಣ ಹಗ್ಗಕ್ಕೆ, ಚೀಲಕ್ಕೆ, ಹೊದಿಕೆಗೆ ಇಂಥದ್ದು ಯಾಕೆ ಬೇಡ? ಬಿಸಿಲಿನ ಸ್ಟೆಬಿಲೈಸರ್ ಹಾಕಿದೆಯೋ ಇಲ್ಲವೋ, ಹೊರಗೆ ಎಷ್ಟು ದಿನ ಇಡಬಹುದು, ಎರಡು ಸಾಲು ಬರೆದರೆ ಸಾಕು. ಪುಡಿಯಾದ ಮೇಲೆ ಇದನ್ನು ಗುಡಿಸಿ ತೆಗೆಯಲಾಗುವುದಿಲ್ಲ. ನೀರಿಗಿಂತ ಹಗುರ, ಮಳೆ ಬಂದರೆ ತೇಲಿಕೊಂಡು ಹೋಗುತ್ತದೆ, ಉಳಿದದ್ದು ಮಣ್ಣಲ್ಲಿ ಸೇರುತ್ತದೆ.

ನಿಮ್ಮ ಪತ್ರಿಕೆ ಈ ಬಗ್ಗೆ ತಯಾರಕರನ್ನು ನೇರವಾಗಿ ಕೇಳಲಿ. ಓದುಗರಿಗೂ ಒಂದು ಮಾತು: ಹಗ್ಗವನ್ನು ಸುಮ್ನೆ ಬಿಸಿಲಲ್ಲಿ ಬಿಡಬೇಡಿ. ಪುಡಿ ಉದುರುತ್ತಿದ್ದರೆ, ಒಳಗಿನ ಎಳೆ ಎಷ್ಟೇ ಚೆನ್ನಾಗಿ ಕಂಡರೂ, ಅದರಿಂದ ಭಾರ ಎತ್ತಬೇಡಿ.

— ನಿಮ್ಮ ಓದುಗ