ಮಂಡಿಯೂರಿದ ಆಟಗಾರರ ಬಗ್ಗೆ ಒಂದು ಪ್ರತಿಕ್ರಿಯೆ

ಮಾನ್ಯ ಸಂಪಾದಕರೇ,

ಅಮೆರಿಕದ ಆಟಗಾರರು ಪಂದ್ಯಕ್ಕೆ ಮುನ್ನ ರಾಷ್ಟ್ರಗೀತೆಯ ವೇಳೆ ಮಂಡಿಯೂರಿ, ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯವನ್ನು ಪ್ರತಿಭಟಿಸುವುದನ್ನು ಖಂಡಿಸಿ ಓದುಗರೊಬ್ಬರು ಬರೆದ ಪತ್ರ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಕೋಟಿಗಟ್ಟಲೆ ಸಂಬಳ ಎಣಿಸುವವರು ಆಟ ಬಿಟ್ಟು ರಾಜಕೀಯ ಮಾಡುತ್ತಾರೆ, ಅನ್ನ ಕೊಟ್ಟ ದೇಶದ ರಾಷ್ಟ್ರಗೀತೆಗೇ ಅಗೌರವ ತೋರುತ್ತಾರೆ, ಹಗಲಿರುಳು ದುಡಿಯುವ ಪೊಲೀಸರ ವಿರುದ್ಧ ಜನರನ್ನು ಎತ್ತಿಕಟ್ಟುತ್ತಾರೆ ಎಂಬುದು ಆ ಪತ್ರದ ಸಾರ. ಬರೆದವರ ದೇಶಾಭಿಮಾನವನ್ನು ನಾನು ಪ್ರಶ್ನಿಸುವುದಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದ ನಾನು, ದಿನಾ ಬೆಳಿಗ್ಗೆ ಸೀಟಿ ಊದಿ, ‘ಸಾವಧಾನ್’ ಎಂದು ಕೂಗಿ, ‘ಜನಗಣಮನ’ ಮುಗಿಯುವ ತನಕ ಮಕ್ಕಳ ಸಾಲಿನಲ್ಲಿ ಒಂದು ಕೈಯೂ ಅಲುಗದಂತೆ ನೋಡಿಕೊಂಡವನು. ರಾಷ್ಟ್ರಗೀತೆಯ ವೇಳೆ ಯಾರಾದರೂ ಕುಳಿತದ್ದನ್ನು ಕಂಡರೆ ನನಗೂ ಮೊದಲು ಬರುವುದು ಸಿಟ್ಟೇ. 2016ರಲ್ಲಿ ಹಾಗೆ ಕುಳಿತ ಕಾಲಿನ್ ಕೆಪರ್ನಿಕ್ ಎಂಬ ಅಮೆರಿಕನ್ ಫುಟ್‌ಬಾಲ್ ಆಟಗಾರನ ಸುದ್ದಿ ನೋಡಿದಾಗಲೂ ಬಂದಿತ್ತು. ಆದರೆ ಆ ವರ್ಷ ನಾನು ಅಮೆರಿಕದಲ್ಲೇ ಇದ್ದುದರಿಂದ, ಆ ಸಿಟ್ಟನ್ನು ಹಾಗೆಯೇ ಇಟ್ಟುಕೊಳ್ಳಲು ನನ್ನಿಂದಾಗಲಿಲ್ಲ.

ಮೊಮ್ಮಗನನ್ನು ನೋಡಿಕೊಳ್ಳಲೆಂದು ಮಿನೆಸೋಟ ರಾಜ್ಯದ ಸೇಂಟ್ ಪಾಲ್ ನಗರದಲ್ಲಿರುವ ಮಗಳ ಮನೆಯಲ್ಲಿ ಆ ಬೇಸಿಗೆಯ ಐದು ತಿಂಗಳು ಕಳೆದಿದ್ದೆ. ಹೋದ ಮರುದಿನವೇ ಮಗಳು ಒಂದು ಚೀಟಿ ಬರೆದು ನನ್ನ ಅಂಗಿಯ ಜೇಬಿಗಿಟ್ಟಳು. ಅದರಲ್ಲಿ ನನ್ನ ಹೆಸರು, ಮನೆಯ ವಿಳಾಸ, ಅವಳ ಫೋನ್ ನಂಬರ್ ಇದ್ದವು. ‘ಅಪ್ಪಾಜಿ, ವಾಕಿಂಗ್ ಹೋದಾಗ ಪೊಲೀಸರು ಕೂಗಿದರೆ ತಕ್ಷಣ ನಿಂತುಬಿಡಿ. ಎರಡೂ ಕೈ ಕಾಣುವ ಹಾಗೆ ಹಿಡಿಯಿರಿ. ಅವರು ಹೇಳುವವರೆಗೆ ಈ ಚೀಟಿ ತೆಗೆಯೋಕೂ ಜೇಬಿಗೆ ಕೈ ಹಾಕಬೇಡಿ’ ಎಂದಳು. ಅವಳ ಹೆದರಿಕೆಗೆ ಕಾರಣವಿತ್ತು. 2015ರ ಫೆಬ್ರವರಿಯಲ್ಲಿ ಅಲಬಾಮಾ ರಾಜ್ಯದ ಮ್ಯಾಡಿಸನ್ ಎಂಬ ಊರಿನಲ್ಲಿ, ನನ್ನ ಹಾಗೆಯೇ ಮೊಮ್ಮಗನ ಆರೈಕೆಗೆಂದು ಗುಜರಾತಿನಿಂದ ಬಂದಿದ್ದ 57 ವರ್ಷದ ಅಜ್ಜನೊಬ್ಬರು ಮಗನ ಮನೆಯ ಮುಂದಿನ ರಸ್ತೆಯಲ್ಲಿ ನಡೆದಾಡುತ್ತಿದ್ದರು. ಯಾರೋ ಕಪ್ಪು ಮನುಷ್ಯ ಅನುಮಾನ ಬರುವಂತೆ ಓಡಾಡುತ್ತಿದ್ದಾನೆ ಎಂದು ನೆರೆಯವರೊಬ್ಬರು ಪೊಲೀಸರಿಗೆ ಫೋನ್ ಮಾಡಿದರು. ಇಂಗ್ಲಿಷ್ ಬಾರದ ಅವರು ಕೇಳಿದ್ದಕ್ಕೆ ಉತ್ತರಿಸಲಾಗದೆ ತಡವರಿಸಿದಾಗ, ಒಬ್ಬ ಅಧಿಕಾರಿ ಅವರ ಕೈಗಳನ್ನು ಬೆನ್ನಹಿಂದೆ ಹಿಡಿದು ನೆಲಕ್ಕೆ ಕೆಡವಿದ. ಬೆನ್ನುಹುರಿಗೆ ಪೆಟ್ಟಾಗಿ ಅವರ ಮೈ ಭಾಗಶಃ ಸ್ವಾಧೀನ ತಪ್ಪಿತು. ಎರಡು ಸಲ ವಿಚಾರಣೆ ನಡೆದರೂ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಕೊನೆಗೆ ನ್ಯಾಯಾಧೀಶರು ಆ ಅಧಿಕಾರಿಯನ್ನು ಖುಲಾಸೆ ಮಾಡಿದರು. ಬಾಣಂತನಕ್ಕೆ, ಮೊಮ್ಮಕ್ಕಳ ಪಾಲನೆಗೆ ಪ್ರತಿವರ್ಷ ವಿಮಾನ ಹತ್ತುವ ಕರ್ನಾಟಕದ ಸಾವಿರಾರು ತಂದೆತಾಯಂದಿರ ಪೈಕಿ ಯಾರಿಗಾದರೂ ಆಗಬಹುದಾಗಿದ್ದ ಸಂಗತಿ ಇದು. ಹೀಗಿರುವಾಗ ಕಪ್ಪು ಜನರ ದೂರನ್ನು ‘ಅವರವರ ಜಗಳ’ ಎಂದು ತಳ್ಳಿಹಾಕುವುದು ನಮಗೆ ಸಲ್ಲದು.

ನಾನು ಅಲ್ಲಿದ್ದಾಗಲೇ, 2016ರ ಜುಲೈ 6ರ ರಾತ್ರಿ, ಸೇಂಟ್ ಪಾಲ್‌ಗೆ ಅಂಟಿಕೊಂಡಿರುವ ಫಾಲ್ಕನ್ ಹೈಟ್ಸ್‌ನಲ್ಲಿ ಫಿಲ್ಯಾಂಡೊ ಕ್ಯಾಸ್ಟೀಲ್ ಎಂಬ ಕಪ್ಪು ಯುವಕನ ಕಾರನ್ನು ಹಿಂಬದಿಯ ದೀಪ ಸರಿಯಿಲ್ಲವೆಂದು ಪೊಲೀಸರು ನಿಲ್ಲಿಸಿದರು. ಆತ ಶಾಲೆಯೊಂದರ ಊಟದ ಮನೆಯ ಮೇಲ್ವಿಚಾರಕ. ಯಾವ ಮಗುವಿಗೆ ಯಾವ ತಿಂಡಿ ಒಗ್ಗುವುದಿಲ್ಲ ಎಂಬುದು ಬಾಯಿಪಾಠವಾಗಿದ್ದ ಮನುಷ್ಯ. ಹಿಂದಿನ ಹದಿಮೂರು ಹದಿನಾಲ್ಕು ವರ್ಷಗಳಲ್ಲಿ ಸಣ್ಣಪುಟ್ಟ ಕಾರಣಗಳಿಗಾಗಿ 40ಕ್ಕೂ ಹೆಚ್ಚು ಬಾರಿ ಅವನ ಗಾಡಿಯನ್ನು ಪೊಲೀಸರು ತಡೆದಿದ್ದರು. ತನ್ನ ಬಳಿ ಪರವಾನಗಿಯಿರುವ ಬಂದೂಕು ಇದೆ ಎಂದು ಆತ ತಾನಾಗಿಯೇ ತಿಳಿಸಿದ ಕೆಲವೇ ಸೆಕೆಂಡುಗಳಲ್ಲಿ ಅಧಿಕಾರಿ ಏಳು ಗುಂಡು ಹಾರಿಸಿದರು. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗುವಿತ್ತು. ಮರುವರ್ಷ ಆ ಅಧಿಕಾರಿಯೂ ಖುಲಾಸೆಯಾದರು.

ಕ್ಯಾಸ್ಟೀಲ್ ಸತ್ತ ಮೂರು ದಿನಕ್ಕೆ ನಡೆದದ್ದನ್ನು ನಿಮ್ಮ ಓದುಗರು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಮಿನೆಸೋಟ ಲಿಂಕ್ಸ್ ಎಂಬ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಆಟಗಾರ್ತಿಯರು ಜುಲೈ 9ರಂದು ಪಂದ್ಯದ ಮುಂಚಿನ ಅಭ್ಯಾಸಕ್ಕೆ ಕಪ್ಪು ಟೀ ಶರ್ಟ್ ತೊಟ್ಟು ಅಂಗಳಕ್ಕಿಳಿದರು. ಬದಲಾವಣೆ ನಮ್ಮಿಂದಲೇ ಆರಂಭವಾಗಲಿ, ನ್ಯಾಯ ಸಿಗಲಿ, ಉತ್ತರದಾಯಿತ್ವ ಇರಲಿ ಎಂಬ ಅರ್ಥದ ಮಾತು ಎದೆಯ ಮೇಲಿತ್ತು. ಬೆನ್ನಿನ ಮೇಲೆ ಕ್ಯಾಸ್ಟೀಲ್ ಹೆಸರು, ಅದೇ ವಾರ ಲೂಸಿಯಾನಾದಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಆಲ್ಟನ್ ಸ್ಟರ್ಲಿಂಗ್ ಹೆಸರು, ಅವುಗಳ ಜೊತೆಗೇ ಡಲ್ಲಾಸ್ ನಗರ ಪೊಲೀಸ್ ಇಲಾಖೆಯ ಲಾಂಛನ. ಎರಡು ದಿನದ ಹಿಂದಷ್ಟೇ ಡಲ್ಲಾಸಿನಲ್ಲಿ ಬಂದೂಕುಧಾರಿಯೊಬ್ಬ ಐವರು ಪೊಲೀಸರನ್ನು ಕೊಂದಿದ್ದ. ಪೊಲೀಸರಿಂದ ಸತ್ತವರಿಗೂ, ಕರ್ತವ್ಯದಲ್ಲಿ ಸತ್ತ ಪೊಲೀಸರಿಗೂ ಒಂದೇ ಅಂಗಿಯ ಮೇಲೆ ಜಾಗ ಕೊಟ್ಟಿದ್ದರು ಆ ಹೆಣ್ಣುಮಕ್ಕಳು. ಹಾಗಿದ್ದರೂ, ಅಂದು ಅಂಗಳದ ಭದ್ರತೆಗೆ ಬಂದಿದ್ದ ಮಿನಿಯಾಪೊಲಿಸ್‌ನ ನಾಲ್ವರು ಪೊಲೀಸರು ಆ ಅಂಗಿಯನ್ನು ಕಂಡು ಕೆಲಸ ಬಿಟ್ಟು ಎದ್ದು ಹೋದರು. ನಗರದ ಪೊಲೀಸ್ ಮುಖ್ಯಸ್ಥೆ ಅದನ್ನು ಒಪ್ಪಲಿಲ್ಲ, ಸಮವಸ್ತ್ರದಲ್ಲಿರುವವರು ತಾವು ತೊಟ್ಟ ಪ್ರಮಾಣಕ್ಕೆ ಬದ್ಧರಾಗಿರಬೇಕು ಎಂದರು; ಪೊಲೀಸ್ ನೌಕರರ ಸಂಘದ ಅಧ್ಯಕ್ಷರು ಎದ್ದು ಹೋದವರನ್ನು ಹೊಗಳಿದರು. ನಾಲ್ಕು ವರ್ಷಗಳ ನಂತರ, 2020ರ ಮೇ 25ರಂದು, ಇದೇ ಮಿನಿಯಾಪೊಲಿಸ್‌ನ ರಸ್ತೆಯಲ್ಲಿ, ಪೊಲೀಸ್ ಅಧಿಕಾರಿಯೊಬ್ಬನ ಮಂಡಿಯಡಿ ಕುತ್ತಿಗೆ ಸಿಕ್ಕಿ, ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಸತ್ತ. ಮೊದಲೇ ಕಿವಿಗೊಟ್ಟಿದ್ದರೆ ಎಂಬ ಸಂಕಟ ನನ್ನನ್ನು ಈಗಲೂ ಬಿಟ್ಟಿಲ್ಲ.

ಕೆಪರ್ನಿಕ್ ವಿಷಯದಲ್ಲೂ ಹೀಗೆಯೇ, ಸಿಟ್ಟಿಗೆದ್ದವರಲ್ಲಿ ಬಹುಪಾಲು ಜನರಿಗೆ ನಡೆದದ್ದು ಪೂರ್ತಿ ಗೊತ್ತಿಲ್ಲ. ಆತ ಮೊದಲು ರಾಷ್ಟ್ರಗೀತೆಯ ವೇಳೆ ಬೆಂಚಿನ ಮೇಲೆ ಕುಳಿತಿದ್ದ. ಅದರಿಂದ ನೊಂದ ನೇಟ್ ಬಾಯರ್ ಎಂಬ ಮಾಜಿ ಸೈನಿಕ ಅವನಿಗೊಂದು ಬಹಿರಂಗ ಪತ್ರ ಬರೆದ. ಇಬ್ಬರೂ ಸ್ಯಾನ್ ಡಿಯಾಗೊದಲ್ಲಿ ಭೇಟಿಯಾಗಿ ಮಾತಾಡಿದರು. ಸೈನಿಕರು ಮಡಿದ ಗೆಳೆಯನ ಸಮಾಧಿಯ ಮುಂದೆ ಒಂದು ಮಂಡಿಯೂರುತ್ತಾರೆ, ಕುಳಿತುಕೊಳ್ಳುವ ಬದಲು ಹಾಗೆ ಮಾಡು ಎಂದು ಸಲಹೆ ಕೊಟ್ಟವನು ಆ ಸೈನಿಕ. 2016ರ ಸೆಪ್ಟೆಂಬರ್ 1ರಂದು ಕೆಪರ್ನಿಕ್ ಮೊದಲ ಬಾರಿಗೆ ಮಂಡಿಯೂರಿದಾಗ ಬಾಯರ್ ಅವನ ಪಕ್ಕದಲ್ಲೇ ಎದೆಗೆ ಕೈಯಿಟ್ಟು ನಿಂತಿದ್ದ. ಸೈನಿಕನ ನೋವನ್ನು ಕೇಳಿ ತನ್ನ ಪ್ರತಿಭಟನೆಯ ರೀತಿಯನ್ನೇ ಬದಲಿಸಿಕೊಂಡವನನ್ನು ದೇಶದ್ರೋಹಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಅವನು ಮಾಡಿದ್ದೆಲ್ಲವೂ ಸರಿ ಎಂದು ನಾನು ಹೇಳುವುದಿಲ್ಲ. ಪೊಲೀಸ್ ಟೋಪಿ ತೊಟ್ಟ ಹಂದಿಯ ಚಿತ್ರಗಳಿದ್ದ ಕಾಲುಚೀಲವನ್ನು ಆತ ಅಭ್ಯಾಸದ ವೇಳೆ ಹಾಕಿಕೊಂಡಿದ್ದ; ಕೆಟ್ಟ ಅಧಿಕಾರಿಗಳನ್ನು ಕುರಿತದ್ದು ಅದು ಎಂದು ಆಮೇಲೆ ವಿವರಿಸಿದರೂ, ಪ್ರಾಮಾಣಿಕವಾಗಿ ದುಡಿಯುವ ಪೊಲೀಸನ ಮನೆಯವರಿಗೆ ಅದು ನೋವು ಕೊಡುವ ಚಿತ್ರವೇ. ಆ ಕಾಲುಚೀಲ ತಪ್ಪು. ಆದರೆ ಆತ ಮಂಡಿಯೂರಿ ಕೇಳಿದ ಪ್ರಶ್ನೆಗೆ ಆ ಕಾಲುಚೀಲ ಉತ್ತರವಾಗುವುದಿಲ್ಲ.

ಆ ಪ್ರಶ್ನೆಗೆ ಸಿಕ್ಕ ಉತ್ತರ ಏನು? 2017ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಸಭೆಯೊಂದರಲ್ಲಿ, ಮಂಡಿಯೂರುವ ಆಟಗಾರರನ್ನು ತಾಯಿಯನ್ನು ಹೀನಾಯಗೊಳಿಸುವ ಬೈಗುಳದಿಂದ ಕರೆದು, ಅಂಥವರನ್ನು ತಂಡದ ಒಡೆಯರು ಅಂಗಳದಿಂದ ಹೊರಹಾಕಬೇಕು ಎಂದರು. ಆ ಸಭೆ ನಡೆದದ್ದು ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ. ಗುಜರಾತಿನ ಆ ಅಜ್ಜ ನೆಲಕ್ಕೆ ಬಿದ್ದ ಮ್ಯಾಡಿಸನ್ ಅದರ ಮಗ್ಗುಲಲ್ಲೇ ಇದೆ. ಕೆಪರ್ನಿಕ್‌ಗೆ ಆಗ ಮೂವತ್ತೂ ತುಂಬಿರಲಿಲ್ಲ. ತಂಡವನ್ನು ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ತನಕ ಒಯ್ದ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿಯನ್ನು ಮುನ್ನಡೆಸುವ ಆಟಗಾರ ಅವನು. 2017ರ ಜನವರಿ 1ರ ಪಂದ್ಯವೇ ಅವನ ಕೊನೆಯ ಲೀಗ್ ಪಂದ್ಯವಾಯಿತು. ತಂಡಗಳು ಕೂಡಿಕೊಂಡು ತನ್ನನ್ನು ಹೊರಗಿಟ್ಟಿವೆ ಎಂಬ ಅವನ ದೂರಿನಲ್ಲಿ 2019ರಲ್ಲಿ ಲೀಗ್ ಅವನೊಂದಿಗೆ ರಾಜಿ ಮಾಡಿಕೊಂಡಿತು, 2020ರ ಜೂನ್‌ನಲ್ಲಿ ಲೀಗ್ ಕಮಿಷನರ್ ರೋಜರ್ ಗುಡೆಲ್, ಆಟಗಾರರ ಮಾತನ್ನು ಮೊದಲೇ ಕೇಳದೆ ತಪ್ಪು ಮಾಡಿದೆವು ಎಂದರು. ಆದರೆ ಆ ಹೇಳಿಕೆಯಲ್ಲಿ ಕೆಪರ್ನಿಕ್ ಹೆಸರಿರಲಿಲ್ಲ, ಅವನಿಗೆ ಯಾವ ತಂಡದಲ್ಲೂ ಜಾಗ ಸಿಗಲಿಲ್ಲ. ಕೋಟಿಗಟ್ಟಲೆ ಸಂಬಳ ಎಣಿಸುವವರು ಎಂದು ಬರೆದ ಓದುಗರು ಇದನ್ನು ಯೋಚಿಸಬೇಕು. ಸಂಬಳದ ಆಸೆಯಿದ್ದವನು ಎದ್ದು ನಿಲ್ಲುತ್ತಿದ್ದ.

ಪೊಲೀಸರ ಮೇಲೆ ಜನರನ್ನು ಎತ್ತಿಕಟ್ಟುತ್ತಾರೆ ಎಂಬ ಆರೋಪಕ್ಕೆ ಅಂಕಿಅಂಶಗಳೇ ಬೇರೆ ಮಾತು ಹೇಳುತ್ತವೆ. ಜನಾಭಿಪ್ರಾಯ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆ 1993ರಿಂದ ಅಮೆರಿಕನ್ನರನ್ನು ಪೊಲೀಸರ ಮೇಲೆ ನಿಮಗೆಷ್ಟು ವಿಶ್ವಾಸವಿದೆ ಎಂದು ಕೇಳುತ್ತಾ ಬಂದಿದೆ. 2020ರಲ್ಲಿ ಹೆಚ್ಚಿನ ವಿಶ್ವಾಸವಿದೆ ಎಂದವರು ಮೊದಲ ಬಾರಿಗೆ ಅರ್ಧಕ್ಕಿಂತ ಕೆಳಗಿಳಿದು, ಶೇ 48 ಆದರು. ಬಿಳಿಯರಲ್ಲಿ ಶೇ 56, ಕಪ್ಪು ಜನರಲ್ಲಿ ಶೇ 19. ಅದೇ ಬೇಸಿಗೆಯಲ್ಲಿ ಗ್ಯಾಲಪ್ ಇನ್ನೊಂದು ಪ್ರಶ್ನೆಯನ್ನೂ ಕೇಳಿತ್ತು: ನಿಮ್ಮ ಬಡಾವಣೆಯಲ್ಲಿ ಪೊಲೀಸರು ಕಳೆಯುವ ಹೊತ್ತು ಈಗಿನಷ್ಟೇ ಇರಬೇಕೆ, ಹೆಚ್ಚಬೇಕೆ, ಕಡಿಮೆಯಾಗಬೇಕೆ? ಕಪ್ಪು ಜನರಲ್ಲಿ ಶೇ 81ರಷ್ಟು ಮಂದಿ ಈಗಿನಷ್ಟೇ ಇರಲಿ ಅಥವಾ ಇನ್ನೂ ಹೆಚ್ಚಲಿ ಎಂದರು. ಕಳ್ಳಕಾಕರ ಭಯ ಅವರಿಗೂ ಇದೆ, ಪೊಲೀಸರು ಅವರಿಗೂ ಬೇಕು. ಕರೆದಾಗ ಬರುವ ಪೊಲೀಸ್ ತಮ್ಮನ್ನೂ ಮನುಷ್ಯರೆಂದು ಕಾಣಲಿ, ತಪ್ಪು ಮಾಡಿದರೆ ಉತ್ತರ ಹೇಳಲಿ ಎಂಬುದಷ್ಟೇ ಅವರ ಬೇಡಿಕೆ. ಆ ದೇಶದಲ್ಲಿ ಪ್ರತಿವರ್ಷ ಸುಮಾರು ಸಾವಿರ ಜನ ಪೊಲೀಸರ ಗುಂಡಿಗೆ ಸಾಯುತ್ತಾರೆ. ಜನಸಂಖ್ಯೆಗೆ ಹೋಲಿಸಿದರೆ ಕಪ್ಪು ಜನರು ಹಾಗೆ ಸಾಯುವ ಪ್ರಮಾಣ ಬಿಳಿಯರದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ನಮ್ಮಲ್ಲಿ ರಾಜ್ಯಕ್ಕೊಂದು ಪೊಲೀಸ್ ಇಲಾಖೆ, ಅದಕ್ಕೊಬ್ಬ ಮಹಾನಿರ್ದೇಶಕ. ಅಲ್ಲಿ ಊರಿಗೊಂದು, ಕೌಂಟಿಗೊಂದರಂತೆ ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ. ಒಂದೊಂದಕ್ಕೂ ಬೇರೆ ತರಬೇತಿ, ಬೇರೆ ನಿಯಮ, ಬೇರೆ ಒಪ್ಪಂದ. ಒಂದೂರಿನಲ್ಲಿ ಕೆಲಸ ಕಳೆದುಕೊಂಡವನು ಇನ್ನೊಂದೂರಿನಲ್ಲಿ ಸೇರಿಕೊಳ್ಳುವುದುಂಟು. ಇಂಥ ವ್ಯವಸ್ಥೆಯಲ್ಲಿ ನೊಂದವರು ಯಾವ ಬಾಗಿಲು ತಟ್ಟಬೇಕು? ಇಡೀ ದೇಶ ಒಟ್ಟಿಗೆ ನೋಡುವ ಜಾಗ ಆಟದ ಅಂಗಳವೊಂದೇ ಎಂದು ಆಟಗಾರರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ನಾನು ಶಾಲೆಯಲ್ಲಿ ಮಕ್ಕಳಿಗೆ ಅಮೆರಿಕದ ಕಪ್ಪು ಓಟಗಾರ ಟಾಮಿ ಸ್ಮಿತ್ ಬಗ್ಗೆ ಹೇಳುವಾಗ, 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಟವನ್ನು 19.83 ಸೆಕೆಂಡಿನಲ್ಲಿ ಓಡಿದ ವಿಶ್ವದಾಖಲೆಯನ್ನಷ್ಟೇ ಹೇಳುತ್ತಿದ್ದೆ. ಆತನೂ ಕಂಚು ಗೆದ್ದ ಜಾನ್ ಕಾರ್ಲೋಸ್‌ನೂ ತಮ್ಮ ಜನರ ಬಡತನವನ್ನು ತೋರಿಸಲು ಬೂಟು ಕಳಚಿ, ಬರೀ ಕಾಲುಚೀಲದಲ್ಲಿ ಪದಕ ವೇದಿಕೆ ಏರಿ ಮುಷ್ಟಿ ಎತ್ತಿದ್ದನ್ನು, ಅದಕ್ಕಾಗಿ ಅವರನ್ನು ಕ್ರೀಡಾಗ್ರಾಮದಿಂದ ಹೊರಹಾಕಿದ್ದನ್ನು, ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಬಿಳಿಯ ಪೀಟರ್ ನಾರ್ಮನ್ ತಾನೂ ಅವರ ಮಾನವ ಹಕ್ಕುಗಳ ಹೋರಾಟದ ಬ್ಯಾಡ್ಜ್ ಧರಿಸಿ ನಿಂತದ್ದನ್ನು ಹೇಳಿರಲಿಲ್ಲ. 2006ರಲ್ಲಿ ನಾರ್ಮನ್ ತೀರಿಕೊಂಡಾಗ ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಸ್ಮಿತ್ ಮತ್ತು ಕಾರ್ಲೋಸ್. ಅಷ್ಟು ವರ್ಷ ಆ ಮಕ್ಕಳಿಗೆ ಓಟದ ಸಮಯ ಹೇಳಿ ಓಟಗಾರನ ಕಥೆ ಹೇಳದೆ ಬಿಟ್ಟೆನಲ್ಲಾ ಎಂದು ನನಗೆ ಪಶ್ಚಾತ್ತಾಪವಿದೆ.

ನಮ್ಮ ತಂಡವೂ ಈ ವಿಷಯದಿಂದ ದೂರ ನಿಂತಿಲ್ಲ. 2021ರ ಅಕ್ಟೋಬರ್ 24ರಂದು ದುಬೈನಲ್ಲಿ ಪಾಕಿಸ್ತಾನದ ವಿರುದ್ಧ ಟಿ20 ವಿಶ್ವಕಪ್ ಪಂದ್ಯ ಆರಂಭವಾಗುವ ಮುನ್ನ ನಮ್ಮ ಕೆ.ಎಲ್. ರಾಹುಲ್ ಮತ್ತು ರೋಹಿತ್ ಶರ್ಮ ಅಂಗಳದಲ್ಲಿ ಮಂಡಿಯೂರಿದರು, ಉಳಿದವರು ಬೌಂಡರಿಯ ಬಳಿ ಮಂಡಿಯೂರಿದರು. ಅದು ತಂಡದ ಆಡಳಿತದ ಸೂಚನೆಯ ಮೇರೆಗೆ ನಡೆದದ್ದು ನಿಜ. ಆದರೂ ಅದನ್ನು ಅಂದು ಯಾರೂ ಅಗೌರವ ಎಂದು ಬರೆದ ನೆನಪು ನನಗಿಲ್ಲ.

2028ರ ಜುಲೈಯಲ್ಲಿ ಒಲಿಂಪಿಕ್ಸ್ ಲಾಸ್ ಏಂಜಲೀಸ್‌ನಲ್ಲಿ ನಡೆಯಲಿದೆ. ಸ್ಪರ್ಧೆ ಆರಂಭವಾಗುವ ಮುನ್ನ ಅಂಗಳದಲ್ಲಿ ಇಂಥ ಸಂಕೇತ ತೋರಲು 2021ರಿಂದ ಅವಕಾಶ ಸಿಕ್ಕಿದ್ದರೂ, ಪದಕ ವೇದಿಕೆಯ ಮೇಲೆ ನಿಷೇಧ ಉಳಿದುಕೊಂಡಿದೆ. ಹಾಗಾಗಿ ಈ ಚರ್ಚೆ ಮತ್ತೆ ಬರುವುದು ಖಚಿತ. ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟು: ಆಟಗಾರರೊಬ್ಬರು ಮಂಡಿಯೂರಿದ ಅಥವಾ ಮುಷ್ಟಿ ಎತ್ತಿದ ಸುದ್ದಿ ಬಂದಾಗ ‘ರಾಷ್ಟ್ರಗೀತೆಗೆ ಅಗೌರವ’ ಎಂಬ ತಲೆಬರಹ ಹಾಕಿ ಎರಡು ಸಾಲಿನಲ್ಲಿ ಮುಗಿಸಬೇಡಿ. ಅವರು ಏಕೆ ಹಾಗೆ ಮಾಡಿದರು, ಯಾವ ಊರಿನಲ್ಲಿ ಯಾರಿಗೆ ಏನಾಗಿತ್ತು ಎಂಬುದನ್ನೂ ಅದೇ ಸುದ್ದಿಯಲ್ಲಿ, ಅದೇ ದಿನ, ಕ್ರೀಡಾ ಪುಟದಲ್ಲೇ ಪ್ರಕಟಿಸಿ.

ಇತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಶಿವಮೊಗ್ಗ